ತಿದ್ದುವ ಕೈ ನಮ್ಮದಾಗಲಿ

ನಮ್ಮ ಕೇರಿಯ ಹುಡುಗಿಯೊಬ್ಬಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಳು. ಹಾಕಿದೆ ಅಂದುಕೊಂಡಳು. ಡಿಗ್ರಿಗೆ ಸೇರಿದ ಮೊದಲ ವರ್ಷ. ಅಣ್ಣನ ಮೊಬೈಲು ಇಸಕೊಂಡು ರಾತ್ರಿ ಹನ್ನೊಂದರ ತನಕ ಕೂತು ಜಾತಿ ಸರ್ಟಿಫಿಕೇಟಿನ ನಂಬರು, ಆದಾಯದ ಸರ್ಟಿಫಿಕೇಟಿನ ನಂಬರು, ಬ್ಯಾಂಕ್ ಪಾಸ್‌ಬುಕ್ಕಿನ ನಂಬರು ಎಲ್ಲವನ್ನೂ ಒಂದೊಂದಾಗಿ ಒತ್ತಿದಳು. ಕೊನೆಗೆ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಒಂದು ಸಾಲು ಬಂತು: ‘ಕರಡು ಉಳಿಸಲಾಗಿದೆ.’ ಹಸಿರು ಕಂಡಿತು. ‘ಉಳಿಸಲಾಗಿದೆ’ ಅನ್ನುವುದೂ ಕಂಡಿತು. ಕೆಲಸ ಆಯಿತೆಂದು ಮಲಗಿದಳು. ಆ ಪುಟದ ಕೆಳಗೆ ಇನ್ನೊಂದು ಗುಂಡಿ ಇತ್ತು, ಅದನ್ನೂ ಒತ್ತಬೇಕಿತ್ತು. ಕೊನೆಯ ದಿನ ದಾಟಿತು. ಎರಡು ತಿಂಗಳು ಬಿಟ್ಟು ಕೇಳಲು ಹೋದರೆ ‘ನಿನ್ನ ಅರ್ಜಿ ಬಂದೇ ಇಲ್ಲವಲ್ಲಮ್ಮ’ ಅಂದರು. ಒಂದು ವರ್ಷದ ಹಣ ಹೋಯಿತು.

ಕರಡು ಅಂದರೆ ಕಚ್ಚಾ ಪ್ರತಿ. ಅದನ್ನು ವಿವರಿಸಲಿಕ್ಕೆ ನಾವು ನಾಲ್ಕು ಜನ ಓದಿದ ಹುಡುಗರು ಅವರ ಮನೆ ಜಗಲಿಯ ಮೇಲೆ ಕೂತೆವು. ಅವಳಪ್ಪ ಎಲ್ಲವನ್ನೂ ಕೇಳಿಸಿಕೊಂಡು, ‘ಕರಡೀನ ಉಳಿಸ್ಕಂಡವ್ರಂತೆ ಕಣ್ರಪ್ಪ, ನಮ್ ಮಗಿನ್ ಕಾಸ ಮಾತ್ರ ಉಳಿಸ್ಲಿಲ್ಲವಂತೆ’ ಅಂದ. ನಕ್ಕೆವು. ನಕ್ಕ ಮೇಲೆ ನಾಚಿಕೆಯಾಯಿತು. ಆಗ ಆ ಹುಡುಗಿ ಕೇಳಿದಳು: ‘ಅಲ್ಲಣ್ಣ, ಅದನ್ನೇ “ಇನ್ನೂ ಕಳಿಸಿಲ್ಲ” ಅಂತ ಬರೀಬೋದಿತ್ತಲ್ವಾ?’

ಬರೆಯಬಹುದಿತ್ತು. ಯಾವ ಪದಕೋಶವನ್ನೂ ಮುಟ್ಟದೆ ಆ ಹುಡುಗಿ ಒಂದೇ ಉಸಿರಿಗೆ ಸರಿಯಾದ ಅನುವಾದ ಮಾಡಿದ್ದಳು. ಆದರೆ ಆ ಅನುವಾದವನ್ನು ಕೊಂಡೊಯ್ದು ಎಲ್ಲಿ ಇಡಬೇಕು? ಆ ಪುಟದಲ್ಲಿ ಅದಕ್ಕೆ ಜಾಗ ಇರಲಿಲ್ಲ. ತಪ್ಪು ಮಾತನ್ನು ಓದಿ ಕೆಟ್ಟವಳಿಗೆ, ಆ ತಪ್ಪನ್ನು ತಿದ್ದುವ ಹಕ್ಕು ಇರಲಿಲ್ಲ. ನಮ್ಮ ಜಗಳ ಇರುವುದು ಇಲ್ಲೇ.

1

ನಮ್ಮಪ್ಪಂದಿರು ಹೆಬ್ಬೆಟ್ಟಿನವರು. ಸಾಹುಕಾರ ಓದಿ ಹೇಳಿದ್ದೇ ಸತ್ಯ ಅಂತ ನಂಬಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ಕತೆ ಕೇರಿಗೊಂದಿದೆ. ಮಕ್ಕಳು ಓದಲಿ, ಇನ್ನು ಯಾರೂ ಮೋಸ ಮಾಡುವುದಿಲ್ಲ ಅಂತ ಅವರು ಕೂಲಿ ಮಾಡಿ ನಮ್ಮನ್ನು ಓದಿಸಿದರು. ಓದಿದೆವು. ಈಗ ನೋಡಿದರೆ ಓದಲು ಬರುವ ಹುಡುಗಿ, ಕನ್ನಡದಲ್ಲೇ ಇರುವ ಸಾಲು, ಆದರೂ ಹೆಬ್ಬೆಟ್ಟು ಒತ್ತಿದ ಹಾಗೇ ಆಯಿತು. ಆವತ್ತು ಸಾಹುಕಾರನಾದರೂ ಎದುರಿಗೆ ಕೂತಿದ್ದ. ಜಗಳಕ್ಕಾದರೂ ಒಂದು ಮುಖ ಇತ್ತು. ಈವತ್ತು ಜಗಳ ಆಡೋಣ ಅಂದರೆ ಇರುವುದು ಒಂದು ಹಸಿರು ಸಾಲು.

ಆಡಳಿತ ಕನ್ನಡದಲ್ಲಿ ನಡೆಯಬೇಕೆಂದು ಈ ರಾಜ್ಯದಲ್ಲಿ 1963ರಲ್ಲೇ ರಾಜಭಾಷಾ ಕಾನೂನು ಬಂತು. ಸಂತೋಷ. ಅರ್ಜಿಗಳೆಲ್ಲ ವೆಬ್‌ಸೈಟಿಗೆ ಹೋದ ಮೇಲೆ ಪುಟದ ಮೂಲೆಯಲ್ಲಿ ‘ಕನ್ನಡ’ ಅಂತ ಒಂದು ಗುಂಡಿಯೂ ಬಂತು. ಒತ್ತಿ ನೋಡಿ. ‘ಈಗ ಅನ್ವಯಿಸಿ’ ಅನ್ನುತ್ತದೆ. ಏನನ್ನು ಅನ್ವಯಿಸಬೇಕು? ಯಾರಿಗೆ? ಇಂಗ್ಲಿಷಿನ ‘ಅಪ್ಲೈ’ ಎಂಬ ಒಂದೇ ಪದ ಗಾಯಕ್ಕೆ ಮುಲಾಮು ಹಚ್ಚುವುದಕ್ಕೂ, ಕಾನೂನು ಅನ್ವಯಿಸುವುದಕ್ಕೂ, ಅರ್ಜಿ ಹಾಕುವುದಕ್ಕೂ ಬರುತ್ತದೆ. ಯಂತ್ರಕ್ಕೆ ವ್ಯತ್ಯಾಸ ತಿಳಿಯಲಿಲ್ಲ, ನೋಡಬೇಕಾದವನು ನೋಡಲಿಲ್ಲ. ‘ಅರ್ಜಿ ಹಾಕಿ’ ಅನ್ನುವ ಎರಡು ಪದ ಯಾವ ಹಳ್ಳಿಯವನಿಗೆ ಗೊತ್ತಿಲ್ಲ? ‘ಹೋಮ್’ ಅನ್ನುವುದನ್ನು ‘ಮನೆ’ ಮಾಡಿಟ್ಟ ಪುಟಗಳೂ ಇವೆ. ಮನೆ ಇಲ್ಲದವನು ಅದನ್ನು ಒತ್ತಿದರೆ ಸಿಗುವುದು ಮೊದಲ ಪುಟ. ಇನ್ನು ‘ಎಡಿಟ್’ ಅನ್ನುವುದಕ್ಕೆ ಎಷ್ಟೋ ಕಡೆ ‘ಸಂಪಾದಿಸಿ’ ಎಂದಿರುತ್ತದೆ. ನಮ್ಮ ಕೇರಿಯಲ್ಲಿ ಸಂಪಾದನೆ ಅಂದರೆ ದುಡಿಮೆ, ಕಾಸು. ‘ತಿದ್ದಿ’ ಎಂಬ ಅಚ್ಚ ಕನ್ನಡದ ಪದ ಬಾಗಿಲ ಹೊರಗೆ ನಿಂತಿದೆ, ನಮ್ಮ ಹಾಗೆ.

ಹೀಗೆ ನಮ್ಮ ತಲೆಯ ಮೇಲೆ ಎರಡು ಕನ್ನಡಗಳು ಕೂತಿವೆ. ಒಂದು ಪಂಡಿತರ ಕನ್ನಡ, ಮಡಿ ಉಟ್ಟದ್ದು. ಇನ್ನೊಂದು ಯಂತ್ರದ ಕನ್ನಡ, ಯಾರ ಬಾಯಿಂದಲೂ ಬರದೇ ಇರುವಂಥದ್ದು. ನೋಡಲು ಬೇರೆ ಬೇರೆ. ಆದರೆ ಎರಡಕ್ಕೂ ಒಂದೇ ಗುಣ: ಓದಬೇಕಾದವನನ್ನು ಎರಡೂ ಒಂದು ಮಾತು ಕೇಳಿಲ್ಲ.

2

ಇದು ದೊಡ್ಡವರ ವಿದ್ಯೆ, ನಮಗೆ ತಿಳಿಯುವುದಲ್ಲ ಅಂತ ಕೈಕಟ್ಟಿ ಕೂರುವವರಿಗೆ ಒಳಗಿನ ಗುಟ್ಟು ಹೇಳಿಬಿಡೋಣ. ಗುಟ್ಟು ಬಹಳ ಸಣ್ಣದು.

ಸರಿಯಾಗಿ ಕಟ್ಟಿದ ವೆಬ್‌ಸೈಟಿನಲ್ಲಿ ಕಣ್ಣಿಗೆ ಕಾಣುವ ಮಾತುಗಳನ್ನು ಪ್ರೋಗ್ರಾಮಿನಿಂದ ಬೇರೆ ಮಾಡಿ ಒಂದು ಪಟ್ಟಿಯಲ್ಲಿ ಬರೆದಿಟ್ಟಿರುತ್ತಾರೆ. ಒಂದು ಸಾಲು ಇಂಗ್ಲಿಷು, ಅದಕ್ಕೆ ಜೋಡಿಯಾಗಿ ಒಂದು ಸಾಲು ಕನ್ನಡ. ರೇಷನ್ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಹೆಸರಿನ ಮುಂದೆ ಅಕ್ಕಿಯ ತೂಕ ಬರೆದ ಹಾಗೆ. ಕನ್ನಡ ಬೇಕು ಅಂದವನಿಗೆ ಯಂತ್ರ ಆ ಸಾಲನ್ನು ಎತ್ತಿ ತೋರಿಸುತ್ತದೆ. ಇದಕ್ಕೆ ‘ಗೆಟ್‌ಟೆಕ್ಸ್ಟ್’ ಎಂಬ ಪದ್ಧತಿ 1990ರ ದಶಕದಿಂದಲೇ ಬಳಕೆಯಲ್ಲಿದೆ. ಅಂದರೆ ‘ಕರಡು ಉಳಿಸಲಾಗಿದೆ’ ಎಂಬುದನ್ನು ‘ಬರೆದದ್ದು ಹಾಗೇ ಇದೆ, ಇನ್ನೂ ಕಳಿಸಿಲ್ಲ’ ಎಂದು ಮಾಡಲು ಪ್ರೋಗ್ರಾಮನ್ನು ಮುಟ್ಟಬೇಕಿಲ್ಲ, ಹೊಸ ಟೆಂಡರು ಕರೆಯಬೇಕಿಲ್ಲ. ಪಟ್ಟಿಯ ಒಂದು ಸಾಲು ಬದಲಾದರೆ ಸಾಕು.

ಮುಂಚೆ ಆ ಪಟ್ಟಿ ಪ್ರೋಗ್ರಾಮು ಬರೆಯುವವನ ಕಂಪ್ಯೂಟರಿನೊಳಗೆ ಇರುತ್ತಿತ್ತು. ಅನುವಾದ ಮಾಡುವವನು ಅದರ ಕಟ್ಟುಪಾಡುಗಳನ್ನೆಲ್ಲ ಕಲಿಯಬೇಕಿತ್ತು. ಒಂದು ಉದ್ಧರಣ ಚಿಹ್ನೆ ಬಿಟ್ಟರೂ ಇಡೀ ಪಟ್ಟಿ ಕೆಡುತ್ತಿತ್ತು. ಆಮೇಲೆ ಕೆಲವರು ಆ ಪಟ್ಟಿಯನ್ನೇ ತಂದು ವೆಬ್‌ಪುಟದ ಮೇಲೆ ಹರಡಿದರು. ಮೇಲೆ ಇಂಗ್ಲಿಷು, ಕೆಳಗೆ ಈಗಿರುವ ಕನ್ನಡ, ಅದರ ಕೆಳಗೆ ಒಂದು ಖಾಲಿ ಚೌಕ. ಬರಿ, ಒತ್ತು, ಆಯಿತು. ಇನ್ನೊಬ್ಬರು ನೋಡಿ ಒಪ್ಪಿದರೆ ಎಲ್ಲರಿಗೂ ಹೊಸ ಸಾಲು ಕಾಣುತ್ತದೆ. ಯಾರು ತಿದ್ದಿದರು, ಯಾವತ್ತು ತಿದ್ದಿದರು, ಮೊದಲು ಏನಿತ್ತು ಎಲ್ಲವೂ ದಾಖಲೆಯಲ್ಲಿ ಇರುತ್ತದೆ. ತಪ್ಪಾದರೆ ಹಿಂದಿನದನ್ನೇ ವಾಪಸು ತರಬಹುದು. ಪತ್ರ ತಿದ್ದಿದ ಸಾಹುಕಾರ ಇಂಥ ದಾಖಲೆ ಇಡಲಿಲ್ಲ ಎಂಬುದನ್ನು ನೆನಪಿಡಿ.

ಇದನ್ನು ಯಾರು ಮಾಡಿದರು? ದಕ್ಷಿಣ ಆಫ್ರಿಕವನ್ನು ನೋಡಿ. ವರ್ಣಭೇದ ನೀತಿ ಬಿದ್ದ ಮೇಲೆ 1996ರ ಸಂವಿಧಾನ 11 ಭಾಷೆಗಳನ್ನು ಅಧಿಕೃತ ಎಂದು ಬರೆಯಿತು. ಜುಲು, ಖೋಸಾ, ಸೋಥೋ, ವೆಂಡಾ ಆಡುವ ಕರಿಯ ಜನ ಕಂಪ್ಯೂಟರಿನ ಮುಂದೆ ಕೂತರೆ ಅಲ್ಲಿದ್ದದ್ದು ಇಂಗ್ಲಿಷು. ಆ ನಾಡಿನ ಟ್ರಾನ್ಸ್‌ಲೇಟ್ ಡಾಟ್ ಆರ್ಗ್ ಡಾಟ್ ಜೆಡ್‌ಎ ಎಂಬ ಗುಂಪು ಆ ಭಾಷೆಗಳಿಗೆ ತಂತ್ರಾಂಶಗಳನ್ನು ತಂದಿತು. ಅದಕ್ಕೆಂದೇ ‘ಪೂಟಲ್’ ಎಂಬ ವೆಬ್ ಸಲಕರಣೆಯನ್ನು ಕಟ್ಟಿತು. ಫಿನ್ಲೆಂಡಿನ ನಿಕ್ಲಾಸ್ ಲಾಕ್ಸ್‌ಟ್ರೋಮ್ 2000ರ ದಶಕದ ನಡುವೆ ‘ಟ್ರಾನ್ಸ್‌ಲೇಟ್‌ವಿಕಿ’ ಶುರು ಮಾಡಿದರು. ಕನ್ನಡ ವಿಕಿಪೀಡಿಯ 2003ರಲ್ಲಿ ಹುಟ್ಟಿತು. ಅದರ ಮೇಲಿನ ಗುಂಡಿ, ಪಟ್ಟಿ, ಎಚ್ಚರಿಕೆಯ ಮಾತುಗಳನ್ನೆಲ್ಲ ಈಗ ಅನುವಾದಿಸುವ ಜಾಗ ಅದೇ. ಮಾಡುವವರು ಸಂಬಳದ ಪಂಡಿತರಲ್ಲ, ಬಳಸುವ ಜನ. ಚೆಕ್ ದೇಶದ ಮಿಖಾಲ್ ಚಿಹಾರ್ 2012ರಲ್ಲಿ ‘ವೆಬ್ಲೇಟ್’ ಹೊರತಂದರು. ಅದು ಸ್ವತಂತ್ರ ತಂತ್ರಾಂಶ. ಯಾರು ಬೇಕಾದರೂ ಲೈಸೆನ್ಸಿಗೆ ಕಾಸು ಕೊಡದೆ ತಮ್ಮ ಯಂತ್ರಕ್ಕೆ ಹಾಕಿಕೊಂಡು ನಡೆಸಬಹುದು. ಆದ್ದರಿಂದ ಸಲಕರಣೆ ಇಲ್ಲ ಎಂಬ ನೆಪವನ್ನು ಯಾವ ಇಲಾಖೆಯೂ ಹೇಳಕೂಡದು.

ನಮ್ಮ ಭಾಷೆಗೆ ಈ ತಿದ್ದುಗೆ ಇನ್ನೂ ಹೆಚ್ಚು ಬೇಕು. ಯಾಕೆ? ಇಂಗ್ಲಿಷಿನಲ್ಲಿ ವಾಕ್ಯ ಬರೆದವನು ಊರಿಗೋ ಹೆಸರಿಗೋ ಒಂದು ಖಾಲಿ ಜಾಗ ಬಿಟ್ಟು ಹೋಗಿರುತ್ತಾನೆ. ಆಮೇಲೆ ಯಂತ್ರ ಅಲ್ಲಿ ಹೆಸರನ್ನು ತುರುಕುತ್ತದೆ. ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಅಂಟಬೇಕು. ಅಂಟದೆ ‘ಮೈಸೂರು ಅಲ್ಲಿ’ ‘ಗೀತಾ ಗೆ’ ಅಂತ ಮುರುಕು ಮಾತು ಬರುತ್ತದೆ. ಕಿವಿಯಲ್ಲಿ ಕನ್ನಡ ಇರುವವನು ವಾಕ್ಯವನ್ನೇ ಬಿಚ್ಚಿ ಬೇರೆ ಥರ ಕಟ್ಟುತ್ತಾನೆ: ‘ಊರು: ಮೈಸೂರು’. ಮುಗಿಯಿತು.

ಇನ್ನೊಂದು ಮಾತಿದೆ, ಅದು ವ್ಯಾಕರಣಕ್ಕಿಂತ ದೊಡ್ಡದು. ಇಂಗ್ಲಿಷಿನ ‘ಯೂ’ ಕನ್ನಡದಲ್ಲಿ ನೀನೋ ನೀವೋ? ‘ಒತ್ತು’ ಅನ್ನಬೇಕೋ ‘ಒತ್ತಿ’ ಅನ್ನಬೇಕೋ? ಪ್ರೋಗ್ರಾಮು ಬರೆದವನಿಗೆ ಇದು ಪ್ರಶ್ನೆಯೇ ಅಲ್ಲ. ನಮಗೆ ಇದು ತಲೆಮಾರುಗಳ ಪ್ರಶ್ನೆ. ಎಪ್ಪತ್ತು ವರ್ಷದ ನಮ್ಮಜ್ಜನನ್ನು ಹತ್ತು ವರ್ಷದ ಗೌಡರ ಮಗ ‘ಬಾರ್ಲಾ’ ಅಂದದ್ದನ್ನು ಕೇಳಿ ಬೆಳೆದವರು ನಾವು. ಪಿಂಚಣಿಯ ಪುಟ ನಮ್ಮ ಅಜ್ಜಿಗೆ ‘ನಿನ್ನ ಹೆಸರು ಬರೆ’ ಅಂದರೆ ಅದು ಬರೀ ಅನುವಾದದ ದೋಷವಲ್ಲ. ಅಲ್ಲಿ ‘ನಿಮ್ಮ’ ಎಂದು ತಿದ್ದುವ ಕೈ ಯಾವ ಕೇರಿಯದು ಎಂಬುದಕ್ಕೆ ಅರ್ಥ ಇದೆ.

3

2025ರ ಜುಲೈ 14ರಂದು ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕಡೆಯಿಂದ ಫೇಸ್‌ಬುಕ್ಕಿನಲ್ಲಿ ಕನ್ನಡದಲ್ಲಿ ಸಂತಾಪದ ಮಾತು ಬಂತು. ಅಲ್ಲಿನ ಯಂತ್ರ ಅದನ್ನು ತಾನಾಗಿ ಇಂಗ್ಲಿಷಿಗೆ ತಿರುಗಿಸಿ, ಮುಖ್ಯಮಂತ್ರಿಯೇ ಸತ್ತರು ಅನ್ನುವ ಹಾಗೆ ಬರೆಯಿತು. ಬದುಕಿರುವ ಮುಖ್ಯಮಂತ್ರಿಯನ್ನು ಒಂದು ಗಳಿಗೆಯಲ್ಲಿ ಕೊಂದು ಹಾಕಿತು. ಮುಖ್ಯಮಂತ್ರಿಯ ಕಚೇರಿಯಿಂದ ಮೆಟಾ ಕಂಪನಿಗೆ ಪತ್ರ ಹೋಯಿತು. ಅನುವಾದ ಸರಿಯಾಗುವ ತನಕ ಕನ್ನಡದ ಯಂತ್ರಾನುವಾದವನ್ನೇ ನಿಲ್ಲಿಸಿ ಎಂದು ಕೇಳಿದರು. ಕಂಪನಿ ಕ್ಷಮೆ ಕೇಳಿತು, ತಪ್ಪನ್ನು ಸರಿಪಡಿಸಿದೆವು ಅಂದಿತು.

ಒಳ್ಳೆಯದಾಯಿತು. ಮುಖ್ಯಮಂತ್ರಿಗೆ ಕಾಗದ ಬರೆಯಲು ಕಚೇರಿ ಇದೆ. ಆ ಕಾಗದ ಓದಲು ಕಂಪನಿಗೆ ಭಯ ಇದೆ. ನಮ್ಮ ಕೇರಿಯ ಹುಡುಗಿ ಯಾರಿಗೆ ಬರೆಯಬೇಕು? ಬರೆದರೆ ಯಾರು ಕ್ಷಮೆ ಕೇಳುತ್ತಾರೆ? ರಾಜ್ಯವಾಳುವವನ ಸಾವಿನ ಸುಳ್ಳು ಎರಡು ದಿನದಲ್ಲಿ ಸರಿಯಾಗುತ್ತದೆ. ಕೂಲಿಯವನ ಮಗಳ ಅರ್ಜಿಯ ಸುಳ್ಳು ವರ್ಷಗಟ್ಟಲೆ ಹಾಗೇ ಇರುತ್ತದೆ. ತಿದ್ದುವ ಹಕ್ಕು ಎಲ್ಲರಿಗೂ ಬೇಕು ಅನ್ನುವುದು ಇದಕ್ಕೆ.

4

ನಮ್ಮ ಬೇಡಿಕೆ ಕೇಳಿದ ಕೂಡಲೇ ಮೂರು ಕಡೆಯಿಂದ ಕಲ್ಲು ಬರುತ್ತವೆ. ಒಂದೊಂದಾಗಿ ಹಿಡಿಯೋಣ.

ಮೊದಲ ಕಲ್ಲು: ‘ಎಲ್ಲರೂ ತಿದ್ದಿದರೆ ಭಾಷೆ ಕೆಡುತ್ತದೆ.’ ಈ ಮಾತು ನಮಗೆ ಹೊಸದಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ತುಂಬಿದೆ ಎಂದರು. ಅಷ್ಟಕ್ಕೇ ಊರೂರಿನಲ್ಲಿ ಗಲಾಟೆಯಾಯಿತು, ದಲಿತ ಹುಡುಗರ ಮೇಲೆ ಕೈ ಮಾಡಿದರು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಕನ್ನಡದ ಬಗ್ಗೆ ನಮ್ಮವನೊಬ್ಬ ಮಾತಾಡಿದ ಎಂಬುದೇ ಅವರಿಗೆ ಅಪರಾಧವಾಗಿತ್ತು. ಆ ಬೂಸಾ ಗಲಾಟೆಯಿಂದ ಎದ್ದು ಬಂದ ಚಳವಳಿಯ ಮಕ್ಕಳು ನಾವು. ಈಗ ‘ಅನ್ವಯಿಸಿ’ ಎಂಬ ಬೂಸಾವನ್ನು ‘ಅರ್ಜಿ ಹಾಕಿ’ ಎಂದು ತಿದ್ದಲು ಹೋದರೆ ಭಾಷೆ ಕೆಡುತ್ತದಂತೆ! ಯಂತ್ರ ಕೆಡಿಸುವಾಗ ಇವರಿಗೆ ನಿದ್ದೆ, ಹೊಲೆಮಾದಿಗರ ಮಕ್ಕಳು ತಿದ್ದಲು ಕೂತರೆ ಎಚ್ಚರ.

ಎರಡನೆಯ ಕಲ್ಲು: ‘ಪುಂಡರು ಬಂದು ಹೊಲಸು ಬರೆಯುತ್ತಾರೆ.’ ಬರೆಯುತ್ತಾರೆ, ಸುಳ್ಳಲ್ಲ. ಫೇಸ್‌ಬುಕ್ 2008ರಿಂದ ತನ್ನ ಬಳಕೆದಾರರಿಂದಲೇ ಅನುವಾದ ಮಾಡಿಸಿತು. ಯಾವ ಸಾಲಿಗೆ ಹೆಚ್ಚು ಮತವೋ ಆ ಸಾಲು ಗೆಲ್ಲುತ್ತಿತ್ತು. 2010ರಲ್ಲಿ ತುರ್ಕಿ ಭಾಷೆಯಲ್ಲಿ ಒಂದು ಗುಂಪು ಸೇರಿಕೊಂಡು ಹೊಲಸು ಬೈಗುಳಕ್ಕೆ ಮತ ಹಾಕಿ ಗೆಲ್ಲಿಸಿತು. ಸಂದೇಶ ಹೋಗಲಿಲ್ಲ ಅನ್ನುವ ಜಾಗದಲ್ಲಿ ಬೈಗುಳ ಕಂಡಿತು. ಇದರಿಂದ ಪಂಡಿತರು ಕಲಿಯುವ ಪಾಠ, ಬಾಗಿಲು ಹಾಕಿ ಅನ್ನುವುದು. ನಾವು ಕಲಿಯುವ ಪಾಠ ಬೇರೆ. ತಲೆ ಎಣಿಸಿ ಮಾತನ್ನು ತೀರ್ಮಾನ ಮಾಡಬೇಡಿ ಅನ್ನುವುದು. ಊರ ಬಹುಮತದ ರುಚಿ ನಮಗೆ ಚೆನ್ನಾಗಿ ಗೊತ್ತು. ನಮ್ಮನ್ನು ಏನೆಂದು ಕರೆಯಬೇಕು ಅಂತ ಊರಿನಲ್ಲಿ ಮತಕ್ಕೆ ಹಾಕಿದ್ದರೆ ಈವತ್ತಿಗೂ ಹಳೇ ಹೆಸರೇ ಗೆಲ್ಲುತ್ತಿತ್ತು. ಆದ್ದರಿಂದ ತಿದ್ದುಪಡಿಯನ್ನು ಯಾರು ಬೇಕಾದರೂ ಕೊಡಲಿ, ಅದನ್ನು ನೋಡಿ ಒಪ್ಪುವವರು ಇರಲಿ. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಎಂದು ಎಲ್ಲರಿಗೂ ಕಾಣುವ ಹಾಗೆ ಬರೆಯಲಿ.

ಮೂರನೆಯದು ಕಲ್ಲಲ್ಲ, ನ್ಯಾಯವಾದ ಪ್ರಶ್ನೆ: ‘ಕಾನೂನಿನ ಪದವನ್ನು ಜನ ತಮಗೆ ತೋಚಿದಂತೆ ತಿದ್ದಬಹುದೆ?’ ಒಂದು ಉದಾಹರಣೆ ನೋಡೋಣ. ಕೈಯಿಂದ ಮಲ ಬಾಚುವ ಕೆಲಸವನ್ನು ನಿಷೇಧಿಸಿ, ಅದರಲ್ಲಿದ್ದವರಿಗೆ ಪುನರ್ವಸತಿ ಕೊಡಬೇಕೆನ್ನುವ ಕಾನೂನು 2013ರಲ್ಲಿ ಬಂತು. ಅದರಲ್ಲಿ ಬರುವ ‘ಮ್ಯಾನುಯಲ್ ಸ್ಕ್ಯಾವೆಂಜರ್’ ಎಂಬುದನ್ನು ಸಂಕೋಚದ ಅನುವಾದಕನೊಬ್ಬ ‘ನೈರ್ಮಲ್ಯ ಕಾರ್ಮಿಕ’ ಎಂದು ಬರೆದ ಅನ್ನಿ. ಕೇಳಲು ಗೌರವವಾಗಿದೆ. ಆದರೆ ರಸ್ತೆ ಗುಡಿಸುವವನೂ ನೈರ್ಮಲ್ಯ ಕಾರ್ಮಿಕನೇ. ಕಾನೂನು ಪುನರ್ವಸತಿ ಬರೆದದ್ದು ಮಲದ ಗುಂಡಿಗೆ ಕೈ ಹಾಕಬೇಕಾದವನಿಗೆ. ನಯವಾದ ಪದ ಅವನನ್ನು ಪಟ್ಟಿಯಿಂದಲೇ ಒರೆಸಿ ಹಾಕುತ್ತದೆ. ಆದ್ದರಿಂದ ಕಾನೂನಿನ ಪದಕ್ಕೆ ಕಾನೂನು ಬಲ್ಲವರು ಬೇಕೇ ಬೇಕು, ಒಪ್ಪಿದೆವು. ಆದರೆ ಆ ಮೇಜಿನ ಸುತ್ತ ಗುಂಡಿಗೆ ಇಳಿದವನ ಮನೆಯವರೂ ಕೂರಬೇಕು. ಯಾವ ಪದ ತಮ್ಮನ್ನು ತೋರಿಸುತ್ತದೆ, ಯಾವ ಪದ ತಮ್ಮನ್ನು ಮರೆಸುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ನಿಘಂಟಿಗೆ ಗೊತ್ತಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ‘ಸಲಹೆ ಕೊಡಿ’ ಅಂತ ಒಂದು ಚೌಕ ಇಟ್ಟು, ಅದಕ್ಕೆ ಬಿದ್ದದ್ದನ್ನು ಯಾರೂ ನೋಡದೆ ಬಿಟ್ಟರೆ ಅದು ನಮಗೆ ಬೇಡ. ಮಹಾಡದ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದೆ ಎಂದು ಅಲ್ಲಿನ ಪುರಸಭೆ ಮೊದಲೇ ಠರಾವು ಮಾಡಿತ್ತು. ಕಾಗದದ ಮೇಲೆ ಕೆರೆ ತೆರೆದಿತ್ತು, ನೀರು ಮುಟ್ಟಲು ಬಿಡುತ್ತಿರಲಿಲ್ಲ. 1927ರಲ್ಲಿ ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಆ ನೀರು ಮುಟ್ಟಬೇಕಾಯಿತು. ಠರಾವು ಬೇರೆ, ನೀರು ಬೇರೆ. ಖಾಲಿ ಚೌಕ ಠರಾವು. ನಾವು ಬರೆದ ಸಾಲು ಪುಟದ ಮೇಲೆ ಕಂಡರೆ ಅದು ನೀರು.

5

ಈಗ ನಮ್ಮ ಗೆಳೆಯರಲ್ಲೇ ಕೆಲವರು ಕೇಳುವ ಪ್ರಶ್ನೆ: ‘ಕಂಪನಿಗಳಿಗೆ ಬಿಟ್ಟಿ ಚಾಕರಿ ಮಾಡು ಅನ್ನುತ್ತೀರಾ?’ ಸರಿಯಾದ ಪ್ರಶ್ನೆ. ಬಿಟ್ಟಿ ಚಾಕರಿ ಏನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ತಮಟೆ ಹೊಡೆದು, ಸತ್ತ ದನ ಹೊತ್ತು, ಗೌಡನ ಹಟ್ಟಿಯ ಸಗಣಿ ಬಾಚಿ, ಒಂದು ಹಿಡಿ ರಾಗಿ ತಂದವರ ಮಕ್ಕಳು ನಾವು. 1976ರಲ್ಲಿ ಜೀತ ನಿರ್ಮೂಲನ ಕಾನೂನು ಬಂದ ಮೇಲೂ ಜೀತ ಬಹಳ ಕಾಲ ಬೇರೆ ಬೇರೆ ಹೆಸರಿನಲ್ಲಿ ಉಳಿಯಿತು. ಅದರ ಹೊಸ ಹೆಸರುಗಳಲ್ಲಿ ‘ಸಮುದಾಯದ ಸಹಭಾಗಿತ್ವ’ ಎಂಬುದೂ ಒಂದಾಗಬಾರದು.

2009ರಲ್ಲಿ ಲಿಂಕ್ಡ್‌ಇನ್ ಕಂಪನಿ ಅನುವಾದ ಮಾಡಿ ಹೊಟ್ಟೆ ಹೊರೆಯುವವರನ್ನೇ ಹಿಡಿದು, ನಮ್ಮ ಸೈಟನ್ನು ಅನುವಾದಿಸಲು ನಿಮಗೆ ಏನು ಉತ್ತೇಜನ ಬೇಕು ಎಂದು ಸಮೀಕ್ಷೆ ಮಾಡಿತು. ಹೆಸರಿನ ಪಕ್ಕ ಒಂದು ಬಿಲ್ಲೆ ಸಾಕೇ ಎಂಬಂತಿತ್ತು ಧಾಟಿ. ಅನುವಾದಕರು ಸಿಡಿದೆದ್ದರು. ಸರಿಯಾಗೇ ಮಾಡಿದರು. ನಮ್ಮ ದೇಶದಲ್ಲಿ 2022ರಲ್ಲಿ ಕೇಂದ್ರ ಸರ್ಕಾರ ‘ಭಾಷಿಣಿ’ ಎಂಬ ಯೋಜನೆ ಉದ್ಘಾಟಿಸಿತು. ಜನ ತಮ್ಮ ಮಾತನ್ನು, ಬರಹವನ್ನು, ಅನುವಾದವನ್ನು ಯಂತ್ರದ ಕಲಿಕೆಗೆ ಕೊಡಲಿ ಎಂದು ಅದರಲ್ಲಿ ಒಂದು ಭಾಗ. ಅದರ ಹೆಸರು ‘ಭಾಷಾದಾನ’. ಹೆಸರು ನೋಡಿ! ಶತಮಾನಗಟ್ಟಲೆ ದಾನ ಪಡೆದವರು ಯಾರು, ದುಡಿದವರು ಯಾರು ಎಂಬುದನ್ನು ಬಲ್ಲವರು ಈ ಪದ ಇಡುತ್ತಿರಲಿಲ್ಲ. ಅಲ್ಲಿ ಕೊಟ್ಟ ಸಾಲು ಯಂತ್ರಕ್ಕೆ ಮೇವಾಗುತ್ತದೆ. ಆ ಹುಡುಗಿಯ ಅರ್ಜಿಯ ಪುಟ ಅದರಿಂದ ನಾಳೆ ಬೆಳಿಗ್ಗೆ ಸರಿಯಾಗುವುದಿಲ್ಲ.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ನಾವು ಇಲ್ಲಿ ಎಳೆಯುತ್ತೇವೆ. ದಾರಿಯಲ್ಲಿ ಹೋಗುವವನು ಎಡವಿದ ಕಲ್ಲನ್ನು ಪಕ್ಕಕ್ಕೆ ಸರಿಸುವುದು ಅವನ ಹಕ್ಕು. ದಿನವೂ ಕೂತು ಕಲ್ಲು ಆಯುವುದು ಕೂಲಿ ಕೆಲಸ. ಓದುಗ ತಾನು ಎಡವಿದ ಸಾಲನ್ನು ತಿದ್ದಲಿ. ಬಂದ ತಿದ್ದುಗೆಗಳನ್ನೆಲ್ಲ ಕೂತು ನೋಡಿ, ತೂಗಿ, ಒಪ್ಪುವವರಿಗೆ ಸರ್ಕಾರವಾದರೂ ಸರಿ ಕಂಪನಿಯಾದರೂ ಸರಿ ಕೂಲಿ ಕೊಡಲಿ. ಕೈ ಹಾಕುವ ಮುಂಚೆ ಇನ್ನೆರಡು ಪ್ರಶ್ನೆ ಕೇಳಿ. ನಾವು ಬರೆದ ಸಾಲು ಯಾರ ಸ್ವತ್ತು? ನಾಳೆ ಅವರು ಅಂಗಡಿ ಮುಚ್ಚಿದರೆ ನಮ್ಮ ಮಾತು ನಮ್ಮ ಕೈಗೆ ಬರುತ್ತದೆಯೆ? ಟ್ರಾನ್ಸ್‌ಲೇಟ್‌ವಿಕಿಯಂಥ ಕಡೆ ಬರೆದದ್ದು ಎಲ್ಲರಿಗೂ ಸೇರಿದ್ದು, ಬರೆದವನ ಹೆಸರೂ ದಾಖಲೆಯಲ್ಲಿ ಇರುತ್ತದೆ. ಬಾಗಿಲು ಮುಚ್ಚಿದ ಕಂಪನಿಯ ಪುಟದಲ್ಲಿ ಬರೆದದ್ದು ಕಂಪನಿಯ ತಿಜೋರಿಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

6

ಕೊನೆಗೆ ನಮ್ಮ ಬೆನ್ನನ್ನೂ ನಾವೇ ಬಾರಿಸಿಕೊಳ್ಳಬೇಕು. ತೆರೆದ ಬಾಗಿಲುಗಳು ಈಗಾಗಲೇ ಎಷ್ಟೋ ಇವೆ. ಅಲ್ಲಿಗೆ ಹೋದವರು ನಮ್ಮಲ್ಲಿ ಎಷ್ಟು ಜನ? ಪದವಿ ಸಿಕ್ಕಿತು, ಪಟ್ಟಣದಲ್ಲಿ ರೂಮು ಸಿಕ್ಕಿತು, ಸಭೆಯಲ್ಲಿ ಭಾಷಣ ಮಾಡಲು ಮೈಕು ಸಿಕ್ಕಿತು. ಶಿಷ್ಟ ಕನ್ನಡವನ್ನು ಬೈಯುತ್ತಲೇ ನಾವೂ ಅದನ್ನೇ ಬರೆಯಲು ಕಲಿತೆವು. ಅಪ್ಪನ ಮಾತನ್ನು ಕವಿತೆಗೆ ಮಾತ್ರ ಇಟ್ಟುಕೊಂಡು, ಅರ್ಜಿಗೆ ಪಂಡಿತರ ಮಾತನ್ನೇ ಬಳಸಿದೆವು. ಆ ಜಗಲಿಯ ಮೇಲೆ ಕೂತ ನಾಲ್ವರಿಗೂ ‘ಕರಡು’ ಅಂದರೆ ಏನೆಂದು ಗೊತ್ತಿತ್ತು. ಗೊತ್ತಿದ್ದರಿಂದಲೇ ಅದು ತಪ್ಪು ಅಂತ ನಮಗೆ ಹೊಳೆಯಲಿಲ್ಲ. ಹೊಳೆದದ್ದು ಅವಳಿಗೆ.

ನಾವು ಹೋಗದಿದ್ದರೆ ಆ ಜಾಗ ಖಾಲಿ ಇರುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ರೈತರೂ ಕೂಲಿಗಳೂ ಆಡುವ ಸ್ಕಾಟ್ಸ್ ಎಂಬ ಮಾತಿದೆ. ಅದರ ವಿಕಿಪೀಡಿಯದ ಸಾವಿರಾರು ಪುಟಗಳನ್ನು ಆ ಮಾತೇ ಬಾರದ ಅಮೆರಿಕದ ಹುಡುಗನೊಬ್ಬ ವರ್ಷಗಟ್ಟಲೆ ಬರೆದಿದ್ದ ಎಂಬುದು 2020ರಲ್ಲಿ ಬಯಲಾಯಿತು. ಇಂಗ್ಲಿಷಿನ ಕಾಗುಣಿತ ತಿರುಚಿ ಇದೇ ಸ್ಕಾಟ್ಸ್ ಅಂದಿದ್ದ. ಹುಡುಗನಿಗೆ ಕೆಟ್ಟ ಬುದ್ಧಿ ಇರಲಿಲ್ಲ. ಆ ಮಾತಾಡುವವರು ಅಲ್ಲಿ ಸಾಕಷ್ಟು ಇರಲಿಲ್ಲ, ಅಷ್ಟೆ. ನಾಳೆ ಕನ್ನಡದ ಪುಟಗಳನ್ನು ಯಂತ್ರವೊಂದೇ ಬರೆದು ತುಂಬಿದರೆ, ಅದನ್ನು ನೋಡಿ ಮುಂದಿನ ಯಂತ್ರ ಕಲಿಯುತ್ತದೆ. ‘ಅನ್ವಯಿಸಿ’ ಅನ್ನುವುದೇ ಕನ್ನಡವಾಗಿ, ‘ಅರ್ಜಿ ಹಾಕಿ’ ಅನ್ನುವ ನಾವೇ ತಪ್ಪಾಗುತ್ತೇವೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಸರ್ಕಾರದ ಪ್ರತಿಯೊಂದು ವೆಬ್‌ಸೈಟಿನಲ್ಲೂ ಪ್ರತಿ ಕನ್ನಡ ಸಾಲಿನ ಪಕ್ಕ ‘ತಿದ್ದಿ’ ಎಂಬ ಗುಂಡಿ ಇರಲಿ. ಆ ಗುಂಡಿ ಕಾಲೇಜಿನ ಕಂಪ್ಯೂಟರಿನಲ್ಲಿ ಮಾತ್ರವಲ್ಲ, ನಮ್ಮ ಅಗ್ಗದ ಮೊಬೈಲಿನಲ್ಲೂ ನಡೆಯಲಿ. ತಿದ್ದಿ ಕಳಿಸಿದ ಸಾಲಿಗೆ ಗೊತ್ತಾದ ದಿನಗಳೊಳಗೆ ಉತ್ತರ ಬರಲಿ, ಒಪ್ಪದಿದ್ದರೆ ಕಾರಣ ಬರಲಿ. ನೋಡಿ ಒಪ್ಪುವವರಲ್ಲಿ ಆ ಅರ್ಜಿಯನ್ನು ನಿಜವಾಗಿ ತುಂಬುವ ಜನ ಇರಲಿ: ಹಾಸ್ಟೆಲಿನ ವಿದ್ಯಾರ್ಥಿ, ಅಂಗನವಾಡಿಯ ಅಕ್ಕ, ಪೌರಕಾರ್ಮಿಕ, ಹಳ್ಳಿ ಮೇಷ್ಟ್ರು. ಅವರಿಗೆ ಕೂಲಿ ಇರಲಿ. ಕಲಬುರಗಿಯ, ಧಾರವಾಡದ, ಚಾಮರಾಜನಗರದ ಮಾತುಗಳು ಒಂದರ ಮುಂದೆ ಒಂದು ಕೈಕಟ್ಟಿ ನಿಲ್ಲದಿರಲಿ. ಯಂತ್ರ ಅನುವಾದಿಸಿದ ಸಾಲಿಗೆ ‘ಇದು ಯಂತ್ರದ್ದು, ಯಾರೂ ನೋಡಿಲ್ಲ’ ಎಂದು ಬರೆದಿರಲಿ. ಎಲ್ಲಕ್ಕಿಂತ ಮುಖ್ಯ, ತಪ್ಪು ಕನ್ನಡದಿಂದ ಅರ್ಜಿ ಕಳೆದುಕೊಂಡವರಿಗೆ ಮತ್ತೆ ಅರ್ಜಿ ಹಾಕುವ ಅವಕಾಶ ಸಿಗಲಿ. ತಪ್ಪು ಪುಟದ್ದು, ದಂಡ ಹುಡುಗಿಗೆ ಅನ್ನುವ ನ್ಯಾಯ ನಡೆಯಕೂಡದು.

ಹಳ್ಳಿಯ ಮೇಷ್ಟ್ರುಗಳೆ, ನಿಮ್ಮಲ್ಲಿ ಒಂದು ಮಾತು. ಸರ್ಕಾರ ಗುಂಡಿ ಇಡುವ ತನಕ ಕಾಯಬೇಡಿ. ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಗೆರೆ ಎಳೆಯಿರಿ. ಎಡಗಡೆ ಪುಟದ ಮೇಲಿರುವ ಮಾತು, ಬಲಗಡೆ ನಿಮ್ಮ ಮಕ್ಕಳು ಹೇಳುವ ಮಾತು. ತರಗತಿಯಲ್ಲಿ ಓದಿ, ಕೇಳಿ, ಬರೆಸಿ. ಆ ಹಾಳೆಗಳು ಊರೂರಿನಿಂದ ಬಂದು ಒಟ್ಟಾದರೆ ಅದೇ ನಮ್ಮ ಪಟ್ಟಿ. ಪಟ್ಟಿ ಕೈಯಲ್ಲಿ ಇಟ್ಟುಕೊಂಡು ಬಾಗಿಲು ಬಡಿಯೋಣ. ಬರಿಗೈಯಲ್ಲಿ ಬಡಿದರೆ ಒಳಗಿನವರು ‘ಸರಿ, ನೀವೇ ಹೇಳಿ ಏನು ಬರೆಯಬೇಕು’ ಎಂದು ನಗುತ್ತಾರೆ.

ಕನ್ನಡದಲ್ಲಿ ‘ತಿದ್ದು’ ಎಂಬ ಪದಕ್ಕೆ ಎರಡು ಅರ್ಥ. ಮೊದಲನೆಯದು ಮಗು ಮರಳಿನ ಮೇಲೆ ಬೆರಳಿಟ್ಟು ಅ ಆ ತಿದ್ದುವುದು. ನಮ್ಮ ಅಜ್ಜಂದಿರಿಗೆ ಅದಕ್ಕೂ ಬಿಡಲಿಲ್ಲ. ಅಪ್ಪಂದಿರು ನಮ್ಮ ಬೆರಳು ಹಿಡಿದು ಅದನ್ನು ಗೆದ್ದುಕೊಟ್ಟರು. ಎರಡನೆಯದು ತಪ್ಪನ್ನು ತಿದ್ದುವುದು. ಅದನ್ನು ನಾವು ಗೆಲ್ಲಬೇಕು.

ಆ ಹುಡುಗಿ ಈ ವರ್ಷ ಮತ್ತೆ ಅರ್ಜಿ ತುಂಬಿದಳು. ಈ ಸಲ ಕೆಳಗಿನ ಗುಂಡಿಯನ್ನೂ ಒತ್ತಿದಳು. ಪರದೆಯ ಮೇಲೆ ಮಾತ್ರ ಅದೇ ಸಾಲು ಇದೆ: ‘ಕರಡು ಉಳಿಸಲಾಗಿದೆ.’ ಇನ್ಯಾವುದೋ ಕೇರಿಯಲ್ಲಿ ಇನ್ನೊಬ್ಬಳು ಅದನ್ನು ಓದಿ ಈ ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದಾಳೆ. ಗೆಳೆಯರೆ, ಅವಳು ಏಳುವ ಮುಂಚೆ ಆ ಸಾಲು ಬದಲಾಗಬೇಕು.